ಕೋರ್ಟಿನಿಂದ ಸಮನ್ಸ್ ಬಂತಾ? ಆರೋಪಿಯಾದವರು ತಿಳಿದಿರಬೇಕಾದದ್ದು

ದಾವಣಗೆರೆ ಜಿಲ್ಲೆಯ ಜಗಳೂರು ಕಡೆಯ ರೈತನೊಬ್ಬ. ಬದುವಿನ ಜಗಳ ಕೈ ಕೈ ಮಿಲಾಯಿಸುವವರೆಗೆ ಹೋಗಿದೆ, ಕೇಸಾಗಿದೆ. ತಿಂಗಳುಗಳು ಕಳೆದ ಮೇಲೆ ಪೊಲೀಸರು ಸಮನ್ಸ್ ತಂದು ಸಹಿ ಹಾಕಿಸಿಕೊಂಡು ಹೋಗುತ್ತಾರೆ ಎಂದುಕೊಳ್ಳಿ. ಹೆದರಬೇಕಿಲ್ಲ. ಸಮನ್ಸ್ ಎಂದರೆ ಬಂಧನವಲ್ಲ, ಇಂಥ ದಿನ ಕೋರ್ಟಿಗೆ ಬನ್ನಿ ಎಂಬ ಕರೆ. ಹಾಗಂತ ಸುಮ್ನೆ ಜೇಬಿಗಿಟ್ಟು ಮರೆತರೆ ಮುಂದೆ ಬರುವುದು ವಾರಂಟ್.

ಮೊದಲು ಆ ಕಾಗದ ಪೂರ್ತಿ ಓದಿ. ಯಾವ ಕೋರ್ಟು, ಕೇಸ್ ನಂಬರ್ ಎಷ್ಟು, ಯಾವ ದಿನ, ಯಾವ ಕಲಂ ಎಂದು ಅದರಲ್ಲೇ ಇರುತ್ತದೆ. ಜಗಳೂರು, ಹರಿಹರ, ಹೊನ್ನಾಳಿ, ಚನ್ನಗಿರಿಯಲ್ಲೂ ಕೋರ್ಟುಗಳಿವೆ. ಓದದೆ ನೇರ ದಾವಣಗೆರೆ ಬಸ್ ಹತ್ತಬೇಡಿ. 2024ರ ಜುಲೈ 1ರಿಂದ ಆದ ಅಪರಾಧಗಳಿಗೆ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಹೊಡೆದಾಟದ ಕೇಸಿನಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದ ಐಪಿಸಿ ಕಲಂ 323 (ಬೇಕೆಂದೇ ಪೆಟ್ಟು ಮಾಡುವುದು), ಈಗ 115(2).

ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲವೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಮೊದಲ ದಿನದ ದೊಡ್ಡ ಕೆಲಸ ಜಾಮೀನು. ಜಾಮೀನು ಕೊಡಬಹುದಾದ ಅಪರಾಧವಾದರೆ ಅದು ನಿಮ್ಮ ಹಕ್ಕು. ಜಾಮೀನುರಹಿತ ಎಂದಿದ್ದರೆ ಸಿಗುವುದೇ ಇಲ್ಲ ಎಂದಲ್ಲ, ಕೊಡುವುದು ಬಿಡುವುದು ನ್ಯಾಯಾಧೀಶರ ತೀರ್ಮಾನ. ಕೋರ್ಟು ಜಾಮೀನುದಾರರನ್ನು ಕೇಳಿದರೆ ಪಹಣಿ, ಆಧಾರ್, ಫೋಟೊ ಸಮೇತ ಅವರನ್ನು ಕರೆತರಬೇಕು. ಆರೋಪಿ ನಿಮಗೆ ಹೇಗೆ ಗೊತ್ತು, ಜಮೀನು ಎಲ್ಲಿದೆ ಎಂದು ನ್ಯಾಯಾಧೀಶರು ಅವರನ್ನೇ ಕೇಳುವುದುಂಟು. ನಿಮ್ಮ ಊರಿನವರು, ನೆಂಟರು ಆದರೆ ತಡವರಿಸದೆ ಹೇಳುತ್ತಾರೆ. ದುಡ್ಡು ಕೊಟ್ಟರೆ ಜಾಮೀನಿಗೆ ಜನ ತರುತ್ತೇವೆ ಎನ್ನುವವರನ್ನು ಹತ್ತಿರ ಸೇರಿಸಬೇಡಿ. ದಾಖಲೆ ಸುಳ್ಳು ಎಂದಾದರೆ ಅದೇ ಇನ್ನೊಂದು ಕೇಸು.

ಆರೋಪ ಪಟ್ಟಿಯ ಪ್ರತಿಯನ್ನು ನಿಮಗೆ ಪುಕ್ಕಟೆ ಕೊಡಬೇಕು. ಅದರ ಜೊತೆ ಮಹಜರು, ಸಾಕ್ಷಿಗಳ ಹೇಳಿಕೆ ಇರುತ್ತವೆ. ಮನೆಯಲ್ಲಿ ಕೂತು ಓದಿ. ಜಾಗ, ಹೊತ್ತು, ಅಲ್ಲಿದ್ದವರ ಹೆಸರು ತಪ್ಪಿದ್ದರೆ ಗುರುತು ಹಾಕಿ ವಕೀಲರಿಗೆ ತೋರಿಸಿ. ಬದು ಯಾವ ದಿಕ್ಕಿಗಿದೆ ಎಂಬುದು ನಿಮಗೇ ಚೆನ್ನಾಗಿ ಗೊತ್ತು, ಅಲ್ವಾ?

ಮುಂದೆ ಒಂದು ದಿನ ನ್ಯಾಯಾಧೀಶರು ಆರೋಪ ಓದಿ ಹೇಳಿ, ‘ಒಪ್ಪುತ್ತೀರಾ?’ ಎಂದು ಕೇಳುತ್ತಾರೆ. ದಂಡ ಕಟ್ಟಿ ಮುಗಿಸಿಬಿಡೋಣ ಎಂದು ಹೂಂ ಅನ್ನುವವರು ಜಾಸ್ತಿ. ನನ್ನ ಪ್ರಕಾರ ಇದು ಅವಸರ. ಒಪ್ಪಿದರೆ ಅಪರಾಧಿ ಎಂದೇ ದಾಖಲಾಗುತ್ತದೆ, ನಾಳೆ ನೌಕರಿಯ ಪೊಲೀಸ್ ವೆರಿಫಿಕೇಷನ್‌ನಲ್ಲಿ ಅದು ಎದ್ದು ಬರಬಹುದು. ಬಾಯಿ ತೆರೆಯುವ ಮೊದಲು ವಕೀಲರನ್ನು ಕೇಳಿ. 115(2)ರಂಥ ಕಲಮಿನಲ್ಲಿ ಪೆಟ್ಟು ತಿಂದವರು ಒಪ್ಪಿದರೆ ರಾಜಿಗೆ ದಾರಿಯಿದೆ.

ಒಪ್ಪದಿದ್ದರೆ ಸಾಕ್ಷಿ ವಿಚಾರಣೆ. ಸರ್ಕಾರಿ ಅಭಿಯೋಜಕರು ಸಾಕ್ಷಿಯಿಂದ ಹೇಳಿಸುವುದು ಮುಖ್ಯ ವಿಚಾರಣೆ, ನಿಮ್ಮ ವಕೀಲರು ತಿರುಗಿ ಕೇಳುವುದು ಪಾಟಿ ಸವಾಲು. ಹೊರಗೆ ಟೀ ಅಂಗಡಿಯಲ್ಲಿ ಸಾಕ್ಷಿಯನ್ನು ಮಾತಾಡಿಸಲು ಹೋಗಬೇಡಿ, ಜಾಮೀನೇ ರದ್ದಾದೀತು. ಆಮೇಲೆ ಸಾಕ್ಷ್ಯದ ಬಗ್ಗೆ ಕೋರ್ಟು ನಿಮ್ಮನ್ನೂ ಪ್ರಶ್ನಿಸುತ್ತದೆ. ಅದಕ್ಕೆ ಪ್ರಮಾಣ ಮಾಡಿಸುವುದಿಲ್ಲ, ಉತ್ತರಿಸದೆಯೂ ಇರಬಹುದು.

ಇಷ್ಟರ ನಡುವೆ ವಾಯಿದೆಗಳು ಬೀಳುತ್ತಲೇ ಇರುತ್ತವೆ. ಜನ ಸಿಕ್ಕಿಬೀಳುವುದು ಇಲ್ಲೇ. ಬಿತ್ತನೆ ಇತ್ತು, ಮದುವೆ ಇತ್ತು ಎಂದು ಹೇಳದೆ ಕೇಳದೆ ತಪ್ಪಿಸಿದರೆ ಜಾಮೀನುರಹಿತ ವಾರಂಟ್ ಆಗಬಹುದು, ಜಾಮೀನುದಾರರ ತಲೆಗೂ ಬರುತ್ತದೆ. ನಿಜಕ್ಕೂ ಬರಲಾಗದಿದ್ದರೆ ಮೊದಲೇ ವಕೀಲರಿಗೆ ತಿಳಿಸಿ, ಅವರು ಆ ದಿನದ ಮಟ್ಟಿಗೆ ಹಾಜರಾತಿ ವಿನಾಯಿತಿ ಕೇಳುತ್ತಾರೆ. ಮುಂದಿನ ತಾರೀಕನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೀವೇ ನೋಡಬಹುದು. ಪ್ರತಿ ಕೇಸಿಗೂ ಇರುವ 16 ಅಕ್ಷರ, ಅಂಕಿಗಳ ಸಿಎನ್‌ಆರ್ ನಂಬರ್ ಇದ್ದರೆ ಅದು ಸುಲಭ, ಕೇಳಿ ಬರೆದಿಟ್ಟುಕೊಳ್ಳಿ.

ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಶಿಕ್ಷೆಯಾದರೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಲು 30 ದಿನ ಇದೆ. ನೀವು ಜಾಮೀನಿನ ಮೇಲಿದ್ದು, ಮೂರು ವರ್ಷದೊಳಗಿನ ಶಿಕ್ಷೆಯಾದರೆ ಅದನ್ನು ಅಮಾನತಿನಲ್ಲಿಡುವಂತೆ ಶಿಕ್ಷೆ ಕೊಟ್ಟ ಕೋರ್ಟನ್ನೇ ಕೇಳಬಹುದು. ಅಲ್ಲಿಂದಾಚೆ ಹೈಕೋರ್ಟ್. ಪಕ್ಕದ ಹಾವೇರಿಯವರಿಗೆ ಧಾರವಾಡ ಪೀಠ, ದಾವಣಗೆರೆಯವರು ಮಾತ್ರ ಬೆಂಗಳೂರಿಗೇ ಹೋಗಬೇಕು. ಜೈಲು ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿ ಪುಕ್ಕಟೆ ಸಿಗುತ್ತದೆ. ಕೂಡಲೇ ಕೇಳಿ ಪಡೆಯಿರಿ, ಮೇಲ್ಮನವಿಗೆ ಅದು ಬೇಕು.