ಮಗು ಗಿಡ್ಡವಾಗಿದ್ದರೆ: ಮನೆತನದ ಎತ್ತರವೋ, ಹಾರ್ಮೋನ್ ಕೊರತೆಯೋ?

"ಅಪ್ಪ ಅಮ್ಮ ಗಿಡ್ಡ, ಮಗೂನೂ ಗಿಡ್ಡ" ಎನ್ನುವ ಮಾತನ್ನು ಲೆಕ್ಕ ಹಾಕದೆ ಒಪ್ಪಬೇಡಿ.

2 ವರ್ಷ ದಾಟಿದ ಮಗುವನ್ನು ಬರಿಗಾಲಲ್ಲಿ, ಜಡೆ ಬಿಚ್ಚಿಸಿ, ಸಪಾಟು ಗೋಡೆಗೆ ತಾಗಿಸಿ ನಿಲ್ಲಿಸಿ. ಹಿಮ್ಮಡಿ ಏಳಬಾರದು, ನೋಟ ನೇರವಿರಬೇಕು. ಗಟ್ಟಿ ರಟ್ಟಿನ ಪುಸ್ತಕವನ್ನು ತಲೆಯ ಮೇಲೆ ಅಡ್ಡಲಾಗಿಟ್ಟು, ಗೋಡೆಗೆ ಒತ್ತಿ ಗುರುತು ಹಾಕಿ. ಸಂಜೆಯ ಹೊತ್ತಿಗೆ ಎತ್ತರ ಸ್ವಲ್ಪ ಇಳಿಯುತ್ತದೆ, ಹಾಗಾಗಿ ಪ್ರತಿ ಸಲವೂ ಒಂದೇ ವೇಳೆಗೆ ಅಳೆಯಿರಿ. 6 ತಿಂಗಳಿಗೊಮ್ಮೆ ಸಾಕು. ತಿಂಗಳು ತಿಂಗಳು ಅಳೆದರೆ ಕಾಣುವುದು ಅಳತೆಯ ತಪ್ಪೇ ಹೊರತು ಬೆಳವಣಿಗೆಯಲ್ಲ.

ಇನ್ನು ಮನೆತನದ ಲೆಕ್ಕ. ತಂದೆತಾಯಿಯ ಎತ್ತರವನ್ನು ಸೆಂ.ಮೀ.ನಲ್ಲಿ ಕೂಡಿ, ಗಂಡುಮಗುವಾದರೆ 13 ಸೇರಿಸಿ, ಹೆಣ್ಣಾದರೆ 13 ಕಳೆದು, ಬಂದದ್ದನ್ನು 2ರಿಂದ ಭಾಗಿಸಿ. ತಂದೆ 166, ತಾಯಿ 150 ಸೆಂ.ಮೀ. ಇದ್ದರೆ ದೊಡ್ಡವರಾದ ಮೇಲೆ ಮಗನಿಗೆ 164.5, ಮಗಳಿಗೆ 151.5 ನಿರೀಕ್ಷೆ. ಇದಕ್ಕಿಂತ ಸುಮಾರು 8 ಸೆಂ.ಮೀ. ಆಚೀಚೆ ಸಹಜ. ತಂದೆತಾಯಿಯನ್ನೂ ಅಳೆದೇ ಬರೆಯಿರಿ. ಬಾಯಲ್ಲಿ ಹೇಳುವ ಎತ್ತರ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ.

ಎತ್ತರಕ್ಕಿಂತ ಬೆಳೆಯುವ ವೇಗ ಮುಖ್ಯ. 4 ವರ್ಷದಿಂದ ಪ್ರಾಯಕ್ಕೆ ಬರುವ ತನಕ ಮಗು ವರ್ಷಕ್ಕೆ 5-6 ಸೆಂ.ಮೀ. ಬೆಳೆಯಬೇಕು. 4ಕ್ಕಿಂತ ಕಡಿಮೆಯಾದರೆ, ಅಥವಾ ಗ್ರೋತ್ ಚಾರ್ಟಿನಲ್ಲಿ 3ನೇ ಪರ್ಸೆಂಟೈಲ್ ಗೆರೆಗಿಂತ (ಅದೇ ವಯಸ್ಸಿನ 100 ಮಕ್ಕಳಲ್ಲಿ 3 ಮಕ್ಕಳಷ್ಟೇ ಇದಕ್ಕಿಂತ ಗಿಡ್ಡ) ಕೆಳಗಿದ್ದರೆ, ಮಕ್ಕಳ ಎಂಡೊಕ್ರಿನಾಲಜಿಸ್ಟ್‌ಗೆ (ಹಾರ್ಮೋನ್ ತಜ್ಞರಿಗೆ) ತೋರಿಸಿ.

ತಂದೆತಾಯಿ ಗಿಡ್ಡವಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ಅವರ ಗಿಡ್ಡತನವೇ ಒಂದು ಜೀನ್ ದೋಷವಿರಬಹುದು. ಮೂಳೆ ಬೆಳವಣಿಗೆಗೆ ಬೇಕಾದ ಶಾಕ್ಸ್ ಜೀನ್ ಕೆಟ್ಟರೆ ಮುಂಗೈ, ಮೊಣಕಾಲ ಕೆಳಗಿನ ಭಾಗ ಮೋಟಾಗಿರುತ್ತವೆ, ಮಣಿಕಟ್ಟು ಸೊಟ್ಟಗಿರಬಹುದು. ಗ್ರೋತ್ ಹಾರ್ಮೋನ್ (ಬೆಳವಣಿಗೆಯ ಹಾರ್ಮೋನ್) ತಯಾರಿಸುವ ಜಿಎಚ್1 ಜೀನಿನ ದೋಷದ ಒಂದು ಬಗೆ ಒಬ್ಬ ಪೋಷಕರಿಂದಲೇ ಬರುತ್ತದೆ. ಆ ಹಾರ್ಮೋನ್ ಬಿಡುಗಡೆಯ ಸಂಕೇತ ಹಿಡಿಯುವ ಜಿಎಚ್‌ಆರ್‌ಎಚ್‌ಆರ್ ಜೀನಿನ ದೋಷ ಹಾಗಲ್ಲ: ಇಬ್ಬರಿಂದಲೂ ಬರಬೇಕು, ತಂದೆತಾಯಿಯ ಎತ್ತರ ಸರಿಯಾಗೇ ಇರುತ್ತದೆ, ಪ್ರತಿ ಬಸಿರಿನಲ್ಲೂ 25% ಸಾಧ್ಯತೆ. ಭಾರತ ಉಪಖಂಡದ ಹಲವು ಕುಟುಂಬಗಳಲ್ಲಿ ಇದು ಸಿಕ್ಕಿದೆ. ಒಂದೇ ಮನೆತನದ ಇಬ್ಬರಲ್ಲೂ ಅದೇ ದೋಷ ಇರುವ ಸಾಧ್ಯತೆ ಹೆಚ್ಚು, ಆದ್ದರಿಂದ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದರೆ ಡಾಕ್ಟರು ಕೇಳುವ ಮೊದಲೇ ಹೇಳಿಬಿಡಿ. ಕಾರಣ ತಿಳಿಯದೆ ಗಿಡ್ಡವಿರುವ ಪ್ರತಿ ಹೆಣ್ಣುಮಗುವಿಗೂ ಟರ್ನರ್ (ಒಂದು ಎಕ್ಸ್ ಕ್ರೋಮೋಸೋಮ್ ಪೂರ್ತಿಯೋ ಭಾಗಶಃವೋ ಇಲ್ಲದ ಸ್ಥಿತಿ) ಪತ್ತೆಗೆ ಕ್ಯಾರಿಯೋಟೈಪ್, ಅಂದರೆ ಕ್ರೋಮೋಸೋಮ್ ಪರೀಕ್ಷೆ, ಆಗಲೇಬೇಕು, ನೋಡಲು ಏನೂ ಕಾಣದಿದ್ದರೂ.

ನೇರ ಜೀನ್ ಟೆಸ್ಟಿಗೆ ಓಡುವುದು ದುಡ್ಡು ದಂಡ. ಮೊದಲು ಥೈರಾಯ್ಡ್, ಸೀಲಿಯಾಕ್ (ಗೋಧಿಯ ಗ್ಲುಟೆನ್ ಒಗ್ಗದ ಕರುಳಿನ ಕಾಯಿಲೆ), ಕಿಡ್ನಿ ಪರೀಕ್ಷೆ, ಐಜಿಎಫ್-1 (ಗ್ರೋತ್ ಹಾರ್ಮೋನಿನ ಪ್ರಭಾವದಿಂದ ಉಂಟಾಗುವ, ರಕ್ತದಲ್ಲಿ ಅಳೆಯುವ ಅಂಶ), ಮೂಳೆಯ ವಯಸ್ಸು ನೋಡಲು ಎಡಗೈ ಎಕ್ಸ್-ರೇ. ಗ್ರೋತ್ ಹಾರ್ಮೋನ್ ಅಲೆಅಲೆಯಾಗಿ ಒಸರುವುದರಿಂದ ಯಾವಾಗಲೋ ಒಮ್ಮೆ ತೆಗೆದ ರಕ್ತದಿಂದ ಏನೂ ತಿಳಿಯದು. ಹಾಗಾಗಿ ಖಾಲಿ ಹೊಟ್ಟೆಯಲ್ಲಿ ಹಾರ್ಮೋನ್ ಒಸರುವಂತೆ ಮಾಡುವ ಕ್ಲೋನಿಡಿನ್ ಅಥವಾ ಗ್ಲುಕಗಾನ್ ಔಷಧ ಕೊಟ್ಟು, ಅರ್ಧ ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ. ಕ್ಲೋನಿಡಿನ್‌ಗೆ ಬಿಪಿ ಇಳಿದು ಮಗು ತೂಕಡಿಸುತ್ತದೆ, ಎಬ್ಬಿಸಿ ಓಡಾಡಿಸಬೇಡಿ. ಥೈರಾಯ್ಡ್ ಕೊರತೆಯಿದ್ದರೆ ಅದನ್ನು ಸರಿಪಡಿಸಿದ ಮೇಲೇ ಈ ಟೆಸ್ಟ್. ಇಲ್ಲವಾದರೆ ಇಲ್ಲದ ಕೊರತೆ ಕಾಣುತ್ತದೆ. ಕೊರತೆ ಖಚಿತವಾದರೆ ಈ ಹಾರ್ಮೋನ್ ಒಸರುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ನೋಡಲು ಎಂಆರ್‌ಐ.

ಕೊರತೆಗೆ ದಿನಕ್ಕೆ ಮಗುವಿನ ತೂಕದ ಕೆ.ಜಿ.ಗೆ 25-35 ಮೈಕ್ರೋಗ್ರಾಂ ಗ್ರೋತ್ ಹಾರ್ಮೋನ್ ಇಂಜೆಕ್ಷನ್, ರಾತ್ರಿ ಮಲಗುವಾಗ ಚರ್ಮದಡಿಗೆ. ಫ್ರಿಜ್ಜಿನಲ್ಲಿ 2-8 ಡಿಗ್ರಿಯಲ್ಲಿಡಿ, ಫ್ರೀಜರ್ ಬೇಡ, ಹೆಪ್ಪುಗಟ್ಟಿದ್ದನ್ನು ಎಸೆಯಿರಿ. ಮೊದಲ ವರ್ಷವೇ ವೇಗ ಹೆಚ್ಚದಿದ್ದರೆ ಡೋಸ್ ಏರಿಸುವ ಮುನ್ನ ಎಷ್ಟು ರಾತ್ರಿ ಇಂಜೆಕ್ಷನ್ ತಪ್ಪಿದೆ ಎಂದು ಎಣಿಸಿ.