ಸೀತಾಫಲದ ಪರಾಗದಲ್ಲಿ ಜೀವ ಇದೆಯೇ? ಪರೀಕ್ಷಿಸುವ ಬಗೆ

ಗಿಡದ ತುಂಬ ಹೂ ಬಿಟ್ಟರೂ ಹೀಚು ಕಟ್ಟದಿದ್ದರೆ, ಔಷಧದ ಅಂಗಡಿಗೆ ಹೋಗುವ ಮೊದಲು ಪರಾಗ ನೋಡಿ. ಸೀತಾಫಲದ ಹೂವಿನಲ್ಲಿ ಹೆಣ್ಣು ಭಾಗ ಮೊದಲು ಪಕ್ವವಾಗುತ್ತದೆ. ಪರಾಗ ಉದುರುವ ಹೊತ್ತಿಗೆ ಹೆಣ್ಣು ಭಾಗದ ಅಂಟು ಆರಿರುತ್ತದೆ. ಅದಕ್ಕೇ ಕೈಯಿಂದ ಪರಾಗ ಹಚ್ಚುವುದು. ವಿಜಯಪುರ, ಬಾಗಲಕೋಟೆಯ ಮೇ ತಿಂಗಳ ಒಣ ಬಿಸಿಲಿನಲ್ಲಿ ಆ ಪರಾಗ ಬೇಗ ಕೆಡುತ್ತದೆ.

ಬಿಸಿಲೇರುವ ಮುನ್ನ ಹೂ ಕೊಯ್ಯಿರಿ. ಮೂರೂ ಎಸಳು ಪೂರ್ತಿ ಬಿಚ್ಚಿ, ಕೇಸರಗಳು ಸಡಿಲಾಗಿ ಮುಟ್ಟಿದರೆ ಉದುರುವಂತಿರಬೇಕು. ಎಸಳು ತುಸುವೇ ಬಿರಿದು ಒಳಗೆ ಹಸಿ ಹೊಳಪಿದ್ದರೆ ಅದು ಇನ್ನೂ ಹೆಣ್ಣು ಹಂತ, ಬಿಡಿ. ಬಿಳಿ ಕಾಗದದ ಮೇಲೆ ಹೂ ತಟ್ಟಿ, ಉದುರಿದ್ದನ್ನು ಕಾಗದದ ಪೊಟ್ಟಣದಲ್ಲೇ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರು ಕಟ್ಟಿ ಪರಾಗ ಒಡೆಯುತ್ತದೆ.

ಅಸಿಟೋಕಾರ್ಮಿನ್ ಬಣ್ಣದ ಒಂದು ಹನಿಯಲ್ಲಿ ಪರಾಗ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತುಂಬಿದ ಪರಾಗದ ಕಾಳು ಕೆಂಪಾಗಿರುತ್ತದೆ, ಜೊಳ್ಳು ಬಣ್ಣವಿಲ್ಲದೆ ಮುದುಡಿರುತ್ತದೆ. ಆದರೆ ಇದೊಂದನ್ನೇ ನಂಬಬೇಡಿ. ಸತ್ತ ಪರಾಗವೂ ಒಳಗೆ ಸತ್ವ ಉಳಿದಿದ್ದರೆ ಕೆಂಪಾಗುತ್ತದೆ. ಮೊಳಕೆ ಬರಿಸಿ ನೋಡುವುದೇ ಖಚಿತ ದಾರಿ.

ಮೊಳಕೆ ಬರಿಸುವ ದ್ರಾವಣಕ್ಕೆ, ಸ್ವಲ್ಪ ಡಿಸ್ಟಿಲ್ಡ್ ವಾಟರ್‌ನಲ್ಲಿ 10 ಗ್ರಾಂ ಸಕ್ಕರೆ ಕರಗಿಸಿ. ಬೋರಿಕ್ ಆಮ್ಲ 10 ಮಿಲಿಗ್ರಾಂ, ಕ್ಯಾಲ್ಸಿಯಂ ನೈಟ್ರೇಟ್ 30 ಮಿಲಿಗ್ರಾಂ ಬೇಕು. ಇಷ್ಟು ಸಣ್ಣ ತೂಕ ಮಾಡಲಾಗದು. ಹಾಗಾಗಿ 1 ಗ್ರಾಂ ಬೋರಿಕ್ ಆಮ್ಲವನ್ನೂ 3 ಗ್ರಾಂ ನೈಟ್ರೇಟನ್ನೂ ಬೇರೆಬೇರೆ 100 ಮಿಲಿ ನೀರಿನಲ್ಲಿ ಕರಗಿಸಿ, ಒಂದೊಂದರಿಂದ 1 ಮಿಲಿ ತೆಗೆದು ಸಕ್ಕರೆ ನೀರಿಗೆ ಸೇರಿಸಿ. ಕೊನೆಗೆ ನೀರು ಹಾಕಿ ಒಟ್ಟು 100 ಮಿಲಿ ಮಾಡಿ. ಬೋರ್‌ವೆಲ್ ನೀರು ಬೇಡ, ಅದರ ಉಪ್ಪು ಲೆಕ್ಕ ಕೆಡಿಸುತ್ತದೆ.

ಸ್ಲೈಡ್ (ಸೂಕ್ಷ್ಮದರ್ಶಕದ ಗಾಜಿನ ಪಟ್ಟಿ) ಮೇಲೆ ಈ ದ್ರಾವಣದ ಹನಿ ಹಾಕಿ, ಕುಂಚದ ತುದಿಯಿಂದ ಪರಾಗ ಉದುರಿಸಿ. ತೀರ ತೆಳುವಾದರೆ ಮೊಳಕೆ ಕಡಿಮೆ, ದಟ್ಟವಾದರೆ ಎಣಿಸಲಾಗದು. ಸ್ಲೈಡನ್ನು ಒದ್ದೆ ಬ್ಲಾಟಿಂಗ್ ಪೇಪರ್ ಹಾಸಿದ ಪೆಟ್ರಿ ತಟ್ಟೆಯಲ್ಲಿ (ಮುಚ್ಚಳವಿರುವ ಚಪ್ಪಟೆ ತಟ್ಟೆ) ಮುಚ್ಚಿ, 25ರಿಂದ 28 ಡಿಗ್ರಿಯಲ್ಲಿ ಇಡಿ. ಕೆಲವು ಗಂಟೆಗಳ ನಂತರ ಆಗಾಗ ಸೂಕ್ಷ್ಮದರ್ಶಕದಲ್ಲಿ ನೋಡಿ. ಕಾಳಿನ ಪಕ್ಕದಿಂದ ಬಿಳಿ ದಾರದಂಥ ನಳಿಕೆ ಹೊರಟಿರುತ್ತದೆ. ಅದು ಕಾಳಿನ ಅಗಲಕ್ಕಿಂತ ಉದ್ದವಿದ್ದರೆ ಮಾತ್ರ ಮೊಳೆತಿದೆ ಎನ್ನಿ. ಬೇರೆಬೇರೆ ಕಡೆ ಸೇರಿ 300 ಕಾಳು ಎಣಿಸಿ. ಮೊಳೆತವನ್ನು ಒಟ್ಟಿನಿಂದ ಭಾಗಿಸಿ 100ರಿಂದ ಗುಣಿಸಿ. ಸೀತಾಫಲದ ಪರಾಗ ನಾಲ್ಕರ ಗುಂಪಾಗಿಯೇ ಅಂಟಿರುವುದುಂಟು. ಆಗ ಗುಂಪನ್ನೋ ಕಾಳನ್ನೋ, ಒಂದನ್ನೇ ಕೊನೆತನಕ ಎಣಿಸಿ.

ಕಾಳು ಬಿರಿದು ಒಳಗಿನದು ಹೊರಚೆಲ್ಲಿದರೆ ಸಕ್ಕರೆ ಸಾಲದು, 15 ಗ್ರಾಂಗೆ ಏರಿಸಿ. ಕಾಳು ಸುಕ್ಕಿದರೆ ಇಳಿಸಿ.

ಮುಂಜಾನೆಯ ಮತ್ತು ಮಧ್ಯಾಹ್ನದ ಪರಾಗವನ್ನು ಪಕ್ಕಪಕ್ಕದಲ್ಲೇ ಪರೀಕ್ಷಿಸಿದರೆ ಹಚ್ಚುವ ಹೊತ್ತು ತಾನಾಗೇ ಗೊತ್ತಾಗುತ್ತದೆ. ಮೊಳಕೆ ಚೆನ್ನಾಗಿದ್ದೂ ಹೀಚು ನಿಲ್ಲದಿದ್ದರೆ, ಹಚ್ಚುವಾಗ ಹೆಣ್ಣು ಭಾಗದ ಅಂಟು ಆರಿತ್ತೇ ಎಂದು ನೋಡಿ.