ಹಳೆಯ ಡೆಸ್ಕ್‌ಟಾಪ್ ಕೂಲರ್: ಬಿಚ್ಚುವ ಮೊದಲು ಸಾಕೆಟ್ ನೋಡಿ

ಕಾರವಾರದ ಉಪ್ಪುಗಾಳಿಗೆ, ಕಂಪ್ಯೂಟರಿನ ಪ್ರೊಸೆಸರನ್ನು ತಣ್ಣಗಿಡುವ ಕೂಲರಿನ ಕ್ಲಿಪ್ ತುಕ್ಕು ಹಿಡಿಯುತ್ತದೆ. ವರ್ಷ ಕಳೆದಂತೆ ಬಿಸಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ. ಹಾಗಾಗಿ ಹಳೆಯ ಯಂತ್ರ ರಿಪೇರಿಗೆ ಬಂದರೆ, ಕೂಲರಿನ ಬಿಗಿತವನ್ನು ಯಾವ ಭಾಗ ಹೊತ್ತಿದೆ ಎಂದು ನೋಡಿಯೇ ಕೈ ಹಾಕುತ್ತೇನೆ.

ಪ್ರೊಸೆಸರ್ ಕೂರುವ ಜಾಗವೇ ಸಾಕೆಟ್. ಹಳೆಯ ಸಾಕೆಟ್ 7, 370 ಮತ್ತು ಸಾಕೆಟ್ ಎಗಳಲ್ಲಿ ಬಿಗಿತವನ್ನು ಹೊರುವುದು ಸಾಕೆಟ್ಟಿನದೇ ಪ್ಲಾಸ್ಟಿಕ್ ಕಿವಿ. ಚಪ್ಪಟೆ ಸ್ಕ್ರೂಡ್ರೈವರಿನಿಂದ ಕ್ಲಿಪ್ಪನ್ನು ಕೆಳಕ್ಕೆ ಒತ್ತಿ ಹೊರಗೆ ಸರಿಸಬೇಕು. ಜಾರಿದರೆ ಮದರ್‌ಬೋರ್ಡಿನ ತಾಮ್ರದ ಗೆರೆಗಳು ತುಂಡಾಗುತ್ತವೆ, ಆದ್ದರಿಂದ ದಪ್ಪ ರಟ್ಟೊಂದನ್ನು ಅಡ್ಡ ಇಡುತ್ತೇನೆ. ಸಾಕೆಟ್ ಎಯಲ್ಲಿ ಬದಿಗೆ ಮೂರು ಕಿವಿ. ನಡುವಿನದು ಮುರಿದಿದ್ದರೆ, ಮೂರನ್ನೂ ಹಿಡಿಯುವ ಕ್ಲಿಪ್ಪಿನ ಕೂಲರನ್ನು ಉಳಿದೆರಡರ ಮೇಲೆ ನಿಲ್ಲಿಸಬಹುದು. ಕೂರಿಸುವಾಗ ದಿಕ್ಕು ಮುಖ್ಯ: ಸಾಕೆಟ್ಟಿನ ಒಂದು ಬದಿ ಉಬ್ಬಿರುತ್ತದೆ, ಹೀಟ್‌ಸಿಂಕ್ (ಕೂಲರಿನ ಲೋಹದ ಭಾಗ) ಅಡಿಯ ತಗ್ಗು ಅದರ ಮೇಲೇ ಬರಬೇಕು. ತಿರುಗಾಮುರುಗಾ ಕೂತರೆ ಹೀಟ್‌ಸಿಂಕ್ ಓರೆಯಾಗಿ ನಿಲ್ಲುತ್ತದೆ. ಆಗ ಲೋಹದ ಮುಚ್ಚಳವಿಲ್ಲದ, ತೆರೆದ ಚಿಪ್ಪಿನ ಹಳೆಯ ಅಥ್ಲಾನ್ ಪ್ರೊಸೆಸರ್ ಕೆಲವೇ ಸೆಕೆಂಡಿನಲ್ಲಿ ಸುಟ್ಟುಹೋಗುತ್ತದೆ.

ಇಂಟೆಲ್‌ನ ಸಾಕೆಟ್ 478ರಲ್ಲಿ ಭಾರ ಬೋರ್ಡಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಚೌಕಟ್ಟಿಗೆ ಹೋಯಿತು. ಎರಡು ಲಿವರ್ ಎತ್ತಿ ನಾಲ್ಕು ಮೂಲೆಯ ಕೊಕ್ಕೆ ಬಿಡಿಸಬೇಕು. ಅಪಾಯ ಮುಂದಿದೆ. ಪ್ರೊಸೆಸರಿಗೂ ಕೂಲರಿಗೂ ನಡುವಿನ ಪೇಸ್ಟ್ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಸಾಕೆಟ್ಟಿನ ಬೀಗದ ಕಡ್ಡಿಯೋ ಕೂಲರಿನ ಅಡಿಗೇ ಸಿಕ್ಕಿರುತ್ತದೆ. ನೇರ ಎಳೆದರೆ ಪ್ರೊಸೆಸರ್ ಕೂಲರಿನ ಜೊತೆಗೇ ಕಿತ್ತು ಬಂದು ಪಿನ್ ಬಾಗುತ್ತವೆ. ಯಂತ್ರ ಚಾಲೂ ಆಗುವಂತಿದ್ದರೆ ಲಿವರ್ ಎತ್ತುವ ಮೊದಲೇ ಹತ್ತು ನಿಮಿಷ ಓಡಿಸಿ, ಕರೆಂಟ್ ತೆಗೆದು, ಬಿಸಿ ಇರುವಾಗಲೇ ಕೂಲರನ್ನು ಎಡಕ್ಕೂ ಬಲಕ್ಕೂ ಚೂರುಚೂರೇ ತಿರುವಿ ಎತ್ತುತ್ತೇನೆ. ಎಎಂಡಿಯ ಎಎಂ2, ಎಎಂ3 ಸಾಕೆಟ್ಟಿಗೂ ಬಿಸಿ ಮಾಡಿ ತಿರುವಿ ಎತ್ತುವ ಇದೇ ಕ್ರಮ.

2004ರ ಇಂಟೆಲ್ ಸಾಕೆಟ್ ಎಲ್‌ಜಿಎ 775ರಲ್ಲಿ ಪಿನ್ನುಗಳು ಸಾಕೆಟ್ಟಿಗೇ ಹೋದವು, ಕಿತ್ತು ಬರುವ ಭಯ ತಪ್ಪಿತು. ಕೂಲರಿಗೆ ಬಂದದ್ದು ಬೋರ್ಡಿನ ತೂತಿಗೆ ಒತ್ತಿ ಸಿಕ್ಕಿಸುವ ನಾಲ್ಕು ಪುಶ್‌ಪಿನ್. ನನ್ನ ಮಟ್ಟಿಗೆ ಎಲ್ಲಕ್ಕಿಂತ ದುರ್ಬಲ ವಿನ್ಯಾಸ ಇದೇ. ಬಿಚ್ಚಲು ಕಪ್ಪು ತಲೆಯನ್ನು ಬಾಣದ ಕಡೆ ತಿರುಗಿಸಿ ಮೇಲೆಳೆಯಬೇಕು. ಹಾಕುವ ಮೊದಲು ನಾಲ್ಕನ್ನೂ ಹಿಂದಕ್ಕೆ ತಿರುಗಿಸಿ, ಎದುರುಬದುರು ಮೂಲೆಯ ಎರಡೆರಡನ್ನು ಟಕ್ ಎನ್ನುವಂತೆ ಒತ್ತಬೇಕು. ಶಬ್ದವನ್ನಷ್ಟೇ ನಂಬಬೇಡಿ. ಬೋರ್ಡನ್ನು ಮಗುಚಿ, ಬಿಳಿ ಕಾಲುಗಳು ಪೂರ್ತಿ ಹೊರಬಂದು ನಡುವೆ ಕಪ್ಪು ಕಡ್ಡಿ ಇಳಿದಿದೆಯೇ ನೋಡಿ. ಒಂದು ಸಡಿಲವಿದ್ದರೂ ಕೂಲರ್ ವಾಲಿ ಪ್ರೊಸೆಸರ್ ಕಾದು, ಯಂತ್ರ ನಿಧಾನವಾಗುತ್ತದೆ ಇಲ್ಲವೇ ತಾನಾಗಿ ಆಫ್ ಆಗುತ್ತದೆ.

ಗುಜರಿಯ ಕೂಲರ್ ಬಳಸುವವರು ಅಕ್ಕಪಕ್ಕದ ತೂತುಗಳ ಅಂತರ ಅಳೆಯಿರಿ: 775ಕ್ಕೆ 72 ಮಿ.ಮೀ., ಆಮೇಲಿನ ಇಂಟೆಲ್ ಸಾಕೆಟ್ 1155, 1150, 1151ಕ್ಕೆ 75 ಮಿ.ಮೀ. ಕಣ್ಣಿಗೆ ವ್ಯತ್ಯಾಸ ತಿಳಿಯದು. ಒತ್ತಾಯದಿಂದ ಕೂರಿಸಿದರೆ ಪಿನ್ನಿನ ಕಾಲು ಓರೆಯಾಗಿ ಸೀಳುತ್ತದೆ.